ಹಳೆಯ ದೋಣಿಯ ಜೀರ್ಣೋದ್ಧಾರ

ಕೆರೆಯ ದಂಡೆಯಲ್ಲಿ ಬಾಳುವವರಿಗೆ ದೋಣಿಯ ಆಸೆ ಹುಟ್ಟುವುದು ಸಹಜವಾದುದು. ಹರಿಹರ ದಾವಣಗೆರೆಗಳ ನೆರೆಯ ಕೊಂಡಜ್ಜಿಯ ಕೆರೆಯನ್ನು ಕಂಡವರಂತೂ ಈ ಮಾತನ್ನು ಒಪ್ಪದಿರಲಾರರು. ಸುತ್ತಮುತ್ತ ಗುಡ್ಡಗಳು, ನಡುವೆ ಹರವಾದ ನೀರು, ದಂಡೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ತರಬೇತಿ ಕೇಂದ್ರ, ಅಲ್ಲಿಗೆ ಬಂದು ಶಿಬಿರ ಹೂಡುವ ಬಾಲಕ ಬಾಲಕಿಯರು: ಇಷ್ಟೆಲ್ಲ ಇರುವೆಡೆಯಲ್ಲಿ ಒಂದು ಮೋಟಾರು ದೋಣಿಯೂ ಇದ್ದರೆ ಎಷ್ಟು ಚೆನ್ನ ಎಂದು ಯಾರಿಗೆ ತಾನೆ ಅನ್ನಿಸದು? ಹೊಸ ದೋಣಿಯ ಬೆಲೆಯನ್ನು ಕೇಳಿ ಹಿಂಜರಿದವರು, ಕರಾವಳಿಯ ಕಡೆ ಹಳೆಯದೊಂದು ಅಗ್ಗವಾಗಿ ದೊರೆತೀತೆ, ಅದನ್ನು ಲಾರಿಯ ಮೇಲೆ ತಂದು ದುರಸ್ತಿ ಮಾಡಿಸಿ ಬಣ್ಣ ಬಳಿದರಾಗದೆ ಎಂದು ವಿಚಾರಿಸುವುದುಂಟು. ಈ ತಿಂಗಳ ಪುಟವನ್ನು ನಾವು ಈ ವಿಚಾರಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಹಳೆಯ ದೋಣಿಯನ್ನು ಉದ್ಧರಿಸಬಾರದೆಂದು ನಾವು ಹೇಳುವುದಿಲ್ಲ. ಆದರೆ ಜೀರ್ಣೋದ್ಧಾರವೇ ಬೇರೆ, ಅಲಂಕಾರವೇ ಬೇರೆ. ಹಳೆಯ ದೇವಾಲಯವನ್ನು ಜೀರ್ಣೋದ್ಧಾರ ಮಾಡುವವನು ಸಡಿಲಿದ ಕಲ್ಲನ್ನು ಅದರ ಸ್ಥಾನದಲ್ಲಿ ಮತ್ತೆ ಕೂರಿಸುತ್ತಾನೆ. ಗರ್ಭಗುಡಿಯ ಮೇಲೆ ಇನ್ನೊಂದು ಅಂತಸ್ತನ್ನು ಎಬ್ಬಿಸುವುದಿಲ್ಲ. ದೋಣಿಯ ವಿಷಯದಲ್ಲಿಯೂ ಹಾಗೆಯೇ. ಅದನ್ನು ಕಟ್ಟಿದವನು ಅದಕ್ಕೆ ಒಂದು ತೂಕವನ್ನೂ ಒಂದು ಸಮತೂಕವನ್ನೂ ಕೊಟ್ಟಿರುತ್ತಾನೆ. ಆ ಎರಡನ್ನೂ ಅದಕ್ಕೆ ಮರಳಿ ದೊರಕಿಸುವುದೇ ನಿಜವಾದ ಉದ್ಧಾರ. ಮೋಟಾರು ಗಾಡಿ ಕೆಟ್ಟರೆ ರಸ್ತೆಯ ಬದಿಗೆ ನಿಲ್ಲುವುದು. ನೀರಿನ ನಡುವೆ ದೋಣಿ ಕೆಟ್ಟರೆ ಕಾಲೂರುವುದಕ್ಕೆ ನೆಲವಿರುವುದಿಲ್ಲ.

ಹಳೆಯ ದೋಣಿಗಳು ಕೆಲಸ ಕಳೆದುಕೊಳ್ಳುವುದಕ್ಕೆ ಮುಖ್ಯ ಕಾರಣ ಸೇತುವೆಗಳು. ತುಂಗಭದ್ರೆಗೆ ಹರಿಹರದಲ್ಲಿ ಕಮಾನು ಸೇತುವೆಯ ಕಟ್ಟಡ 1868ರಲ್ಲಿ ಮುಗಿಯಿತು. ಅಂದಿನಿಂದ ಬೆಂಗಳೂರು ಧಾರವಾಡಗಳ ಹೆದ್ದಾರಿಯ ಪಯಣಿಗರಿಗೆ ಅಲ್ಲಿ ಹರಿಗೋಲಿನ ಹಂಗು ತಪ್ಪಿತು. ನಮ್ಮ ಕಾಲದಲ್ಲಿಯೂ ಅದೇ ಕಥೆ ಶರಾವತಿಯ ಹಿನ್ನೀರಿನಲ್ಲಿ ನಡೆಯಿತು. 1964ರ ಲಿಂಗನಮಕ್ಕಿ ಅಣೆಕಟ್ಟಿನ ನೀರು ಸಾಗರ ತಾಲ್ಲೂಕಿನ ತುಮರಿಯ ಸೀಮೆಯನ್ನು ಪೇಟೆಯಿಂದ ಬೇರ್ಪಡಿಸಿದ ಮೇಲೆ, ದಶಕಗಳ ಕಾಲ ಅಲ್ಲಿಯ ಜನಕ್ಕೂ ಸಿಗಂದೂರಿನ ಯಾತ್ರಿಕರಿಗೂ ಲಾಂಚೇ ದಾರಿಯಾಗಿದ್ದಿತು. ಬಸ್ಸು, ಕಾರು, ಅಡಕೆಯ ಮೂಟೆ, ಬಾಣಂತಿ, ಮದುವೆಯ ದಿಬ್ಬಣ ಎಲ್ಲವೂ ಅದರ ಮೇಲೆಯೇ ದಾಟುತ್ತಿದ್ದವು. ಬೇಸಗೆಯಲ್ಲಿ ನೀರಿಳಿದಾಗ ವಾಹನಗಳನ್ನು ಹತ್ತಿಸುವುದೇ ಕಷ್ಟವಾಗುತ್ತಿದ್ದಿತು. 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸುಮಾರು 2.4 ಕಿಲೋಮೀಟರು ಉದ್ದದ ಸೇತುವೆ ತೆರೆಯಿತು. ಜನಕ್ಕೆ ಮಹೋಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೀಗೆ ಸೇತುವೆಯಾದ ಕಡೆಗಳಲ್ಲೆಲ್ಲ ಬಿಡುವಾದ ದೋಣಿಗಳ ಮುಂದೆ ಎರಡೇ ದಾರಿಗಳು: ಗುಜರಿಯ ಅಂಗಡಿ, ಇಲ್ಲವೆ ವಿಹಾರಕ್ಕೆ ಬಳಸುವವರ ಕೈ. ಎರಡನೆಯ ದಾರಿಯನ್ನು ಹಿಡಿಯುವವರು ಮೊದಲು ಕೆಲವು ದುಃಖದ ಸಂಗತಿಗಳನ್ನು ನೆನೆಯಬೇಕು.

2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ವಿಹಾರದ ದೋಣಿಯೊಂದು ಮಗುಚಿ 22 ಮಂದಿ ಜೀವ ಕಳೆದುಕೊಂಡರು; ಅವರಲ್ಲಿ ಮಕ್ಕಳೇ ಅನೇಕರು. ಅದು ಮೊದಲು ಮೀನು ಹಿಡಿಯುವ ದೋಣಿಯಾಗಿದ್ದು, ಆ ಮೇಲೆ ವಿಹಾರಕ್ಕಾಗಿ ಮಾರ್ಪಾಟು ಹೊಂದಿ, ಎರಡು ಅಂತಸ್ತಿನದಾಗಿದ್ದಿತು. ಅಂದು ಅದರಲ್ಲಿ ಮಿತಿಮೀರಿ ಜನ ತುಂಬಿದ್ದರು. ಅದಕ್ಕೂ ಮೊದಲು, 2019ರ ಜನವರಿ 21ರಂದು, ನಮ್ಮ ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅಲ್ಲಿಯೂ ಜನ ಹೆಚ್ಚಾಗಿದ್ದರು. ಈ ದೋಣಿಗಳು ಕಣ್ಣಿಗೆ ಜೀರ್ಣವಾಗಿ ಕಂಡಿದ್ದರೆ ಬಹುಶಃ ಜನ ಹತ್ತುತ್ತಲೇ ಇರಲಿಲ್ಲ. ಹೊರಗಿನ ಬಣ್ಣ ಒಳಗಿನ ಸ್ಥಿತಿಯನ್ನು ಹೇಳುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ದೋಣಿ ಏಕೆ ಮಗುಚುವುದೆಂಬುದನ್ನು ಮನೆಯಲ್ಲಿರುವ ವಸ್ತುಗಳಿಂದಲೇ ತಿಳಿಯಬಹುದು. ಹುಲ್ಲಿನ ಗಾಡಿಯನ್ನು ನೋಡಿರಿ. ಅಷ್ಟೇ ತೂಕದ ಜೋಳದ ಚೀಲಗಳನ್ನು ಹೇರಿದ ಗಾಡಿ ಹಳ್ಳದ ಓರೆಯಲ್ಲಿ ಸುಲಭವಾಗಿ ಹಾಯುವುದು. ಎತ್ತರವಾಗಿ ಹುಲ್ಲು ಒಟ್ಟಿದ ಗಾಡಿ ಅದೇ ಓರೆಯಲ್ಲಿ ಉರುಳುವುದು. ಭಾರ ಎಷ್ಟೆಂಬುದರ ಜೊತೆಗೆ ಭಾರ ಎಷ್ಟು ಎತ್ತರದಲ್ಲಿದೆಯೆಂಬುದೂ ಮುಖ್ಯ. ದೋಣಿಯ ಮೇಲೆ ಇನ್ನೊಂದು ಅಟ್ಟವನ್ನು ಕಟ್ಟಿ, ಕುರ್ಚಿ ಹಾಕಿ, ಜನರನ್ನು ಅಲ್ಲಿಗೆ ಹತ್ತಿಸುವುದೆಂದರೆ ಜೋಳದ ಗಾಡಿಯನ್ನು ಹುಲ್ಲಿನ ಗಾಡಿಯಾಗಿ ಮಾಡಿದಂತೆ. ನೀರಿನ ಮೇಲೆ ಮತ್ತೊಂದು ಅಪಾಯವೂ ಉಂಟು. ದಂಡೆಯ ಮೇಲೆ ಏನೋ ಕಂಡಿತೆಂದು ಎಲ್ಲರೂ ಒಂದೇ ಪಕ್ಕಕ್ಕೆ ಸರಿಯುವರು. ಹುಲ್ಲು ತನ್ನಷ್ಟಕ್ಕೆ ಓಡಾಡುವುದಿಲ್ಲ, ಜನ ಓಡಾಡುತ್ತಾರೆ.

ಇನ್ನೊಂದು ಪರೀಕ್ಷೆಯನ್ನು ಗೃಹಿಣಿಯರು ಅಡಿಗೆಮನೆಯಲ್ಲಿಯೇ ಮಾಡಬಹುದು. ಒಂದು ಚೊಂಬಿನಲ್ಲಿ ನೀರು ತುಂಬಿ ಹಿಡಿದು ನಡೆಯಿರಿ, ಕಷ್ಟವಿಲ್ಲ. ಅಷ್ಟೇ ನೀರನ್ನು ಅಗಲವಾದ ಪರಾತದಲ್ಲಿ ಹಾಕಿ ನಡೆಯಿರಿ. ಸ್ವಲ್ಪ ಓರೆಯಾದರೆ ನೀರೆಲ್ಲ ಆ ಕಡೆಗೇ ಓಡಿ, ಓರೆಯನ್ನು ಇನ್ನೂ ಹೆಚ್ಚಿಸಿ, ಕೈಯನ್ನೇ ಎಳೆಯುವುದು. ಹಳೆಯ ದೋಣಿಯ ತಳದಲ್ಲಿ ಜಿನುಗಿ ನಿಂತ ನೀರು ಇದೇ ಕೆಲಸವನ್ನು ಮಾಡುತ್ತದೆ. ತಳದಲ್ಲಿ ನಾಲ್ಕು ಬೆರಳು ನೀರಿದ್ದರೆ ಏನಾದೀತೆಂದು ಉದಾಸೀನ ಮಾಡತಕ್ಕದ್ದಲ್ಲ. ಆ ನಾಲ್ಕು ಬೆರಳು ನೀರು ದೋಣಿ ಓರೆಯಾದ ಕ್ಷಣದಲ್ಲಿ ಶತ್ರುವಿನ ಪಕ್ಷವನ್ನು ಸೇರುವುದು.

ಸಮುದ್ರದ ದೋಣಿಯನ್ನು ಕೆರೆಗೆ ತರುವವರು ತಿಳಿದಿರಬೇಕಾದ ಸಂಗತಿ ಮತ್ತೊಂದಿದೆ. ಬಟ್ಟಲಿನ ಸಿಹಿನೀರಿನಲ್ಲಿ ಮುಳುಗುವ ಕೋಳಿಮೊಟ್ಟೆ, ಅದಕ್ಕೆ ಹಿಡಿ ಉಪ್ಪು ಕರಗಿಸಿದರೆ ತೇಲುವುದನ್ನು ಮಕ್ಕಳೂ ಬಲ್ಲರು. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಸುಮಾರು ಎರಡೂವರೆ ಪಾಲು ಹೆಚ್ಚು ತೂಕದ್ದು. ಆದುದರಿಂದ ಹತ್ತು ಟನ್ನು ತೂಗುವ ದೋಣಿ ಕೊಂಡಜ್ಜಿಯ ಕೆರೆಯಲ್ಲಿ, ಕಡಲಿನಲ್ಲಿ ಕಾಲು ಟನ್ನು ಹೆಚ್ಚು ಹೊರೆ ಹೊತ್ತಾಗ ಇಳಿಯುವಷ್ಟು ಆಳಕ್ಕೆ, ಬರಿದಾಗಿದ್ದರೂ ಇಳಿಯುವುದು. ಕಡಲಿನಲ್ಲಿ ಇಷ್ಟು ಜನರನ್ನು ಹೊರುತ್ತಿತ್ತೆಂಬ ಮಾರುವವನ ಮಾತನ್ನು ಕೆರೆಗೆ ಹಾಗೆಯೇ ಅನ್ವಯಿಸಲಾಗದು.

ಇನ್ನು ಕೊಳ್ಳುವ ಮೊದಲಿನ ಪರೀಕ್ಷೆ. ದೋಣಿಯನ್ನು ನೀರಿನಲ್ಲಿ ತೇಲುತ್ತಿರುವಾಗ ನೋಡಿ ಕೊಳ್ಳಬಾರದು. ದಂಡೆಗೆ ಎಳೆಯಿಸಿ, ಕೆಳಗೆ ಬಗ್ಗಿ, ಮೈಯನ್ನೆಲ್ಲ ನೋಡಿ ಕೊಳ್ಳತಕ್ಕದ್ದು. ಹೊಸದಾಗಿ ದಪ್ಪ ಬಣ್ಣ ಬಳಿದಿದ್ದರೆ ಎರಡು ಪಟ್ಟು ಎಚ್ಚರಿಕೆ ಬೇಕು.

ಮರದ ದೋಣಿಯಾದರೆ ಜನರು ಸಾಮಾನ್ಯವಾಗಿ ನೀರೊಳಗಿನ ಹಲಗೆಯನ್ನು ಮಾತ್ರ ಅನುಮಾನಿಸುವರು. ವಾಸ್ತವವಾಗಿ ಮರ ಕೊಳೆಯುವುದು ಹೆಚ್ಚಾಗಿ ಮೇಲಿನಿಂದ. ಅಟ್ಟದ ಬಿರುಕಿನಿಂದ ಇಳಿದ ಮಳೆನೀರು ಗಾಳಿಯಾಡದ ಮೂಲೆಗಳಲ್ಲಿ ನಿಂತು, ಪಕ್ಕೆಮರಗಳ ತುದಿಗಳನ್ನೂ ಅವುಗಳ ಮೊಳೆಯ ಸಂದುಗಳನ್ನೂ ತಿನ್ನುವುದು. ಚೂಪಾದ ದಬ್ಬಳವನ್ನು ಹಿಡಿದು ಒತ್ತಿ ನೋಡಬೇಕು. ಒಳ್ಳೆಯ ಸಾಗುವಾನಿ ಅಥವಾ ಹೆಬ್ಬಲಸಿನ ಮರ ದಬ್ಬಳವನ್ನು ಹಿಂದಕ್ಕೆ ನೂಕುವುದು. ಕೊಳೆತ ಮರ ಬೆಣ್ಣೆಯಂತೆ ಬಿಟ್ಟುಕೊಡುವುದು. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿಮರ ಗಡಿಗೆಯಂತೆ ನಾದ ಕೊಡುವುದು. ಸತ್ತ ಮರ ಮಂಕಾಗಿ ಮಾತಾಡುವುದು. ಬೆನ್ನೆಲುಬಿನಂತಿರುವ ಅಡಿಮರವೂ ಪಕ್ಕೆಗಳೂ ಗಟ್ಟಿಯಾಗಿದ್ದರೆ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಬಹುದು. ಅವೇ ಹೋಗಿದ್ದರೆ, ಆ ದೋಣಿಯನ್ನು ಬಿಟ್ಟು ಮನೆಗೆ ಹಿಂದಿರುಗುವುದೇ ಲಾಭ.

ಬಹುಕಾಲ ದಂಡೆಯ ಮೇಲೆ ಒಣಗಿದ ದೋಣಿಯ ಹಲಗೆಗಳು ಕುಗ್ಗಿ ಸಂದುಗಳು ಬಾಯಿಬಿಟ್ಟಿರುತ್ತವೆ. ಇದನ್ನು ಕಂಡು ಗಾಬರಿಪಡಬೇಕಾಗಿಲ್ಲ. ಬೇಸಗೆಯಲ್ಲಿ ಗಾಡಿಯ ಚಕ್ರ ಒಣಗಿ ಕಬ್ಬಿಣದ ಪಟ್ಟಿ ಸಡಿಲವಾದಾಗ ನಮ್ಮ ರೈತರು ಅದನ್ನು ಕೆರೆಯಲ್ಲಿ ನೆನೆಯಿಡುವುದಿಲ್ಲವೆ? ಮರವು ನೀರು ಕುಡಿದು ಹಿಗ್ಗಿ ಮತ್ತೆ ಬಿಗಿಯುವುದು. ದೋಣಿಗೂ ಅದೇ ಮದ್ದು. ಸಂದುಗಳಲ್ಲಿ ಹತ್ತಿಯ ಹುರಿಯನ್ನು ಹದವಾಗಿ ತುಂಬಿ, ಮೇಲೆ ಮೆತ್ತನೆಯ ಲಪ್ಪವನ್ನು ಹಾಕಿ, ಕೆಲವು ದಿನ ದಂಡೆಯ ಮಗ್ಗುಲಲ್ಲೇ ನೀರಿಗೆ ಇಳಿಸಿ ಕಾವಲಿಡಬೇಕು. ಹುರಿಯನ್ನು ಅತಿಯಾಗಿ ಬಡಿದು ತುಂಬಿದರೆ, ಮರ ಹಿಗ್ಗುವಾಗ ಜಾಗವಿಲ್ಲದೆ ಹಲಗೆಯೇ ಪಕ್ಕೆಯಿಂದ ಕಿತ್ತುಬರುವುದುಂಟು. ಈ ಹದವನ್ನು ಬಲ್ಲ ಬಡಗಿಗಳು ನಮ್ಮ ಕರಾವಳಿಯಲ್ಲಿ ಇನ್ನೂ ಇದ್ದಾರೆ. ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ದೋಣಿಗೆ ಸವರುವ ಪದ್ಧತಿ ಅವರ ಹಿರಿಯರದು. ಈಗ ಕೆಲವರು ಕೊಳೆತ ಮರದ ಮೇಲೆಯೇ ಫೈಬರ್ ಗ್ಲಾಸಿನ ಹೊದಿಕೆಯನ್ನು ಅಂಟಿಸಿ ಕೆಲಸ ಮುಗಿಸುತ್ತಾರೆ. ಹುಣ್ಣಿನ ಮೇಲೆ ರೇಷ್ಮೆಯ ಬಟ್ಟೆ ಸುತ್ತಿದಂತೆ, ಒಳಗಿನ ತೇವ ಹೊರಗೆ ಹೋಗಲಾರದೆ ಕೊಳೆತವು ಇನ್ನೂ ಬೇಗ ಹಬ್ಬುವುದು.

ಉಕ್ಕಿನ ದೋಣಿಯಾದರೆ ಶತ್ರು ತುಕ್ಕು. ಹೊರಗಿನ ತುಕ್ಕು ಕಣ್ಣಿಗೆ ಕಾಣುವುದು; ತಳದಲ್ಲಿ ಎಣ್ಣೆ ನೀರು ಬೆರೆತು ನಿಂತ ಕಡೆ ಒಳಗಿನಿಂದ ತಿನ್ನುವ ತುಕ್ಕು ಕಾಣುವುದಿಲ್ಲ. ಶಬ್ದತರಂಗದಿಂದ ತಗಡಿನ ದಪ್ಪವನ್ನು ಅಳೆಯುವ ಸಣ್ಣ ಉಪಕರಣವಿದೆ. ಅದನ್ನು ತರಿಸಿ ಅಡಿಯಿಂದ ಮುಡಿಯವರೆಗೆ ಅಳೆಯಿಸಬೇಕು. ತೆಳುವಾದ ಕಡೆ ಹಳೆಯ ತಗಡನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸೆಯುವುದು ಸರಿಯಾದ ಕ್ರಮ. ಹಳೆಯದರ ಮೇಲೆಯೇ ಮತ್ತೊಂದು ತಗಡನ್ನು ಹೊಲಿದಂತೆ ಬೆಸೆದರೆ ತೂಕವೂ ಹೆಚ್ಚು, ನಡುವೆ ತೇವವೂ ಉಳಿಯುವುದು. ತುಕ್ಕು ಮೊದಲು ತನ್ನನ್ನು ತಿನ್ನಲೆಂದು ದೋಣಿಯ ತಳಕ್ಕೆ ಒಂದು ಲೋಹದ ಗಟ್ಟಿಯನ್ನು ಬಿಗಿಯುವ ಪದ್ಧತಿಯುಂಟು. ಕಡಲಿನಲ್ಲಿ ಅದು ಸತುವಿನದು. ಸಿಹಿನೀರಿನಲ್ಲಿ ಸತುವು ಚೆನ್ನಾಗಿ ಕೆಲಸ ಮಾಡದು, ಮೆಗ್ನೀಸಿಯಮ್ಮಿನದು ಬೇಕು. ಕಡಲಿನ ದೋಣಿಯನ್ನು ಕೆರೆಗೆ ತಂದವರು ಇದನ್ನು ಮರೆಯುವುದೇ ಹೆಚ್ಚು.

ಯಂತ್ರದ ಮಾತು ಇವೆಲ್ಲದರ ಆನಂತರ. ಬಹಳ ದಿನ ನಿಂತ ಯಂತ್ರವನ್ನು ಒಮ್ಮೆಗೇ ಬ್ಯಾಟರಿಯಿಂದ ತಿರುಗಿಸಬಾರದು. ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಒಂದೆರಡು ದಿನ ಬಿಟ್ಟು, ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಪೆಟ್ರೋಲು ಯಂತ್ರವುಳ್ಳ ಮುಚ್ಚಿದ ದೋಣಿ ಗೃಹಸ್ಥರಿಗೆ ಹೇಳಿದ್ದಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ತಳದಲ್ಲಿ ಕೆರೆಯಂತೆ ನಿಂತು, ಒಂದು ಕಿಡಿಗಾಗಿ ಕಾಯುತ್ತಿರುವುದು. ಡೀಸೆಲು ಯಂತ್ರವೇ ಮೇಲು. ಆದರೂ ಹೊಗೆಕೊಳವೆ ಸೋರದಂತಿರಬೇಕು. ಮುಚ್ಚಿದ ಕೋಣೆಯಲ್ಲಿ ಯಂತ್ರದ ಹೊಗೆಯ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪಂಖವನ್ನು ತಿರುಗಿಸುವ ಉಕ್ಕಿನ ದಂಡವು ಒಡಲನ್ನು ತೂರಿ ಹೊರಬರುವ ಕಡೆ ಜಿಡ್ಡು ಸವರಿದ ಹುರಿಯನ್ನು ಸುತ್ತಿ ಬಿಗಿದಿರುತ್ತಾರೆ. ನೀರಾವರಿ ಪಂಪಿನ ಗ್ಲಾಂಡನ್ನು ಬಲ್ಲ ನಮ್ಮ ರೈತರಿಗೆ ಇದು ಹೊಸದಲ್ಲ. ತೊಟ್ಟು ತೊಟ್ಟಾಗಿ ಜಿನುಗಿದರೆ ಸರಿ. ಧಾರೆಯಾದರೆ ಕೆಟ್ಟಿದೆಯೆಂದು ಅರ್ಥ. ದಂಡ ಸವೆದಿದ್ದರೆ ಹೊಸದನ್ನು ಕಡೆಯಿಸುವುದಕ್ಕೆ ದೂರ ಹೋಗಬೇಕಾದುದೂ ಇಲ್ಲ. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹರಿಹರದಲ್ಲಿ ಲೇತುಗಳನ್ನು ತಯಾರಿಸಿ ಆ ಊರಿಗೆ ಯಂತ್ರವಿದ್ಯೆಯ ಹೆಸರು ತಂದಿತು. ಕಾರ್ಖಾನೆ ಮುಚ್ಚಿಹೋಯಿತು, ಕಡೆಯುವ ಕೈ ಒಂದು ಊರಿನಿಂದ ಅಷ್ಟು ಬೇಗ ಮಾಯವಾಗುವುದಿಲ್ಲ.

ಆಮೇಲೆ ವಿದ್ಯುತ್ತಿನ ತಂತಿಗಳು, ಚುಕ್ಕಾಣಿಯ ಸರಪಳಿ, ನೀರೆತ್ತುವ ಪಂಪು, ಬೆಂಕಿಯಾರಿಸುವ ಸಾಧನ. ಬಣ್ಣವು ಕಟ್ಟಕಡೆಯದು. ಈ ಕ್ರಮವನ್ನು ತಲೆಕೆಳಗು ಮಾಡುವವರ ಹಣವೆಲ್ಲ ಬಣ್ಣಕ್ಕೂ ಮೆತ್ತೆಗೂ ಮುಗಿದು, ಪಂಪಿನ ಸರದಿ ಬರುವಾಗ ಚೀಲ ಬರಿದಾಗಿರುವುದು.

ಕೆಲಸವೆಲ್ಲ ಮುಗಿದ ಮೇಲೆ ಮನುಷ್ಯರನ್ನು ಹತ್ತಿಸುವ ಮೊದಲು ಮರಳಿನ ಚೀಲಗಳನ್ನು ಹತ್ತಿಸಬೇಕು. ಇಪ್ಪತ್ತು ಜನರ ದೋಣಿಯೆಂದು ಹೇಳಬೇಕಾದರೆ, ತಲೆಗೆ 75 ಕಿಲೋಗ್ರಾಮಿನಂತೆ 1,500 ಕಿಲೋಗ್ರಾಮು, ಅಂದರೆ 50 ಕಿಲೋಗ್ರಾಮಿನ ಮೂವತ್ತು ಚೀಲಗಳು. ಅವನ್ನು ನೆಲದ ಮೇಲಿಡದೆ ಜನ ಕೂರುವ ಎತ್ತರದಲ್ಲಿಯೇ ಇಡಬೇಕು. ಇಲ್ಲವಾದರೆ ಪರೀಕ್ಷೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಆ ಮೇಲೆ ನೌಕಾಶಿಲ್ಪವನ್ನು ಬಲ್ಲವರ ಸಮಕ್ಷಮದಲ್ಲಿ ಚೀಲಗಳನ್ನು ಒಂದು ಪಕ್ಕಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸಿ, ದೋಣಿ ಎಷ್ಟು ಬಾಗುವುದೆಂಬುದನ್ನು ಅಳೆಯಬೇಕು. ಅವರು ಕೊಟ್ಟ ಸಂಖ್ಯೆಯನ್ನು ದೋಣಿಯ ಮೈಮೇಲೆ ದೊಡ್ಡ ಕನ್ನಡ ಅಂಕಿಗಳಲ್ಲಿ ಬರೆಯಿಸಿ, ಹಬ್ಬದ ದಿನವೂ ಅದನ್ನು ಮೀರಬಾರದು. ತೇಲುವ ಅಂಗಿಯನ್ನು ಪ್ರತಿಯೊಬ್ಬರೂ ತೊಟ್ಟಿರಬೇಕು, ಮಕ್ಕಳಿಗೆ ಅವರ ಅಳತೆಯದು. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಅಂಗಿ ಯಾರನ್ನೂ ಉಳಿಸಿದ್ದಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ. 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2021ರ ಒಳನಾಡು ನೌಕೆಗಳ ಕಾಯಿದೆ ಬಂದಿದೆ. ಯಂತ್ರದಿಂದ ನಡೆಯುವ ದೋಣಿಗೆ ನೋಂದಣಿ, ತಪಾಸಣೆಯ ಪತ್ರ, ನಡೆಸುವವನಿಗೆ ಅರ್ಹತೆಯ ಪತ್ರ, ವಿಮೆ ಇವು ಅವಶ್ಯವೆಂದು ಅದರ ವಿಧಿ. ಕೆರೆಯು ಯಾರ ವಶದಲ್ಲಿದೆಯೋ ಅವರ ಅಪ್ಪಣೆಯೂ ಬೇಕು. ಇವುಗಳಿಗಾಗಿ ಅಲೆಯುವುದು ಬೇಸರದ ಕೆಲಸವೆಂದು ಕೆಲವರು ಗೊಣಗುವರು. ತಪಾಸಣೆ ಮಾಡುವ ಅಧಿಕಾರಿಯು ನಮ್ಮ ಮಕ್ಕಳ ಪರವಾಗಿ ದೋಣಿಯನ್ನು ನೋಡುತ್ತಾನೆಂದು ಭಾವಿಸಿದರೆ ಆ ಬೇಸರ ಅರ್ಧ ಕಡಮೆಯಾದೀತು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುವುದು: ಆ ದೋಣಿ ಆ ನೀರಿಗೆ ತಕ್ಕುದೆ? ಕೊಂಡಜ್ಜಿಯಂಥ ಕೆರೆ ಮಳೆಗಾಲದಲ್ಲಿ ಒಂದು, ಚೈತ್ರ ವೈಶಾಖಗಳಲ್ಲಿ ಇನ್ನೊಂದು. ಆಳವಾಗಿ ಕೂರುವ ಕಡಲಿನ ದೋಣಿ ನೀರಿಳಿದಾಗ ಕೆಸರಿನಲ್ಲಿ ಹೂತುಕೊಳ್ಳುವುದು. ಜೊಂಡು ಅಂತರಗಂಗೆಗಳು ಪಂಖಕ್ಕೆ ಸುತ್ತಿಕೊಳ್ಳುವುವು. ಯಂತ್ರವನ್ನು ತಂಪುಮಾಡುವ ನೀರಿನ ಜಾಲರಿ ಪಾಚಿಯಿಂದ ಕಟ್ಟುವುದು. ಅಲ್ಲದೆ ಕೆರೆಯ ನೀರು ದನಕರುಗಳ ಬಾಯಿಗೂ ಗದ್ದೆಗಳಿಗೂ ಹೋಗುವಂಥದು. ತಳದ ಎಣ್ಣೆನೀರನ್ನು ಕೆರೆಗೇ ಎತ್ತಿಹಾಕುವವನು ಊರಿಗೆ ದ್ರೋಹ ಮಾಡಿದಂತೆ. ಅಗಲವಾದ, ತಳ ಚಪ್ಪಟೆಯಾದ, ಹುಟ್ಟು ಹಾಕುವ ದೋಣಿಯೇ ಚಿಕ್ಕ ಕೆರೆಗೆ ಒಪ್ಪುವುದು. ಚನ್ನಗಿರಿ ಸೀಮೆಯ ಸೂಳೆಕೆರೆಯಂಥ ವಿಶಾಲವಾದ ಜಲರಾಶಿಯಲ್ಲಿ ಮೋಟಾರಿಗೆ ಅರ್ಥವುಂಟು. ಹರಿಹರದ ಹೊಳೆಯಲ್ಲಿಯಾದರೋ ಬೇಸಗೆಯಲ್ಲಿ ಬಂಡೆಗಳೇ ತಲೆಯೆತ್ತುವುವು. 2016ರ ಕಾಯಿದೆಯು ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯವೆಂದು ಸಾರಿದಾಗ ತುಂಗಭದ್ರೆ, ಶರಾವತಿ, ಕಾಳಿ, ನೇತ್ರಾವತಿಗಳೂ ಆ ಪಟ್ಟಿಯಲ್ಲಿ ಸೇರಿದುವು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನದಿಯಲ್ಲಿ ಆಳ ಬರಲಿಲ್ಲ.

ತುಂಗಭದ್ರೆಗೆ ತಕ್ಕ ವಾಹನವನ್ನು ಅದರ ದಂಡೆಯ ಜನ ಬಹಳ ಹಿಂದೆಯೇ ಕಂಡುಕೊಂಡಿದ್ದರು; ಅದೇ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಹೊಳೆಯಲ್ಲಿ ಜನರು ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ದೋಣಿಗಳಲ್ಲಿ ಸುತ್ತು ತಿರುಗುತ್ತ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಇಂದು ಚರ್ಮದ ಬದಲು ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಬಿದಿರಿನ ಹೆಣಿಗೆ ಹಾಗೆಯೇ ಇದೆ. ಬಂಡೆ ತಾಗಿದರೆ ಬಾಗುವುದು, ಮೊಳಕಾಲುದ್ದ ನೀರಿದ್ದರೆ ತೇಲುವುದು, ಕೆಟ್ಟರೆ ದಂಡೆಯ ಮೇಲೆ ಬೋರಲು ಹಾಕಿ ಮನೆಯವರೇ ತೇಪೆ ಹಾಕುವರು. ದುರಸ್ತಿಯು ಬಳಸುವವನ ಕೈಯಲ್ಲಿಯೇ ಇರುವುದು ಹರಿಗೋಲಿನ ದೊಡ್ಡ ಗುಣ.

ದೋಣಿಗಿಂತಲೂ ಮುಖ್ಯನಾದವನು ಅಂಬಿಗ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ನಿಷ್ಠುರವಾದ ಮಾತಿಗೆ ಹೆಸರಾದ ಅಂಬಿಗರ ಚೌಡಯ್ಯನ ಹೆಸರಿನೊಡನೆ ಬೆಸೆದಿರುವ ಚೌಡದಾನಪುರವು ರಾಣೆಬೆನ್ನೂರು ತಾಲ್ಲೂಕಿನಲ್ಲಿ ಇದೇ ತುಂಗಭದ್ರೆಯ ದಡದಲ್ಲಿದೆ. ನೀರಿನ ಬಣ್ಣ ನೋಡಿ ಮೇಲೆ ಎಲ್ಲಿ ಮಳೆಯಾಗಿದೆಯೆಂದು ಊಹಿಸುವ, ಸುಳಿಯ ಜಾಗವನ್ನು ಕಣ್ಣುಮುಚ್ಚಿ ಹೇಳುವ, ಇಷ್ಟು ಜನ ಸಾಕೆಂದು ಗದರಿ ಇಳಿಸುವ ಅಂಬಿಗನಿಲ್ಲದೆ ಯಾವ ದೋಣಿಯೂ ಕ್ಷೇಮವಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನೆಂಬುದು ನಮ್ಮ ಗಾದೆ. ಸೇತುವೆ ಕಟ್ಟಿದ ಊರುಗಳು ಈ ಗಾದೆಯಂತೆಯೇ ನಡೆದುಕೊಂಡವು. 2024ರ ಆಗಸ್ಟ್ 7ರಂದು ನಡುರಾತ್ರಿಯ ಹೊತ್ತಿನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಾಗ, ಅದರ ಚಾಲಕನ ಜೀವ ಉಳಿದದ್ದು ದೋಣಿಯಲ್ಲಿ ಧಾವಿಸಿದ ಮೀನುಗಾರರು ಮತ್ತು ಪೊಲೀಸರಿಂದ. ಸೇತುವೆಯಿದ್ದ ಊರಿಗೂ ನೀರನ್ನು ಬಲ್ಲ ನಾಲ್ಕು ಜನ ಬೇಕು.

ಹೊರದೇಶದ ಎರಡು ಹಳೆಯ ದೋಣಿಗಳ ಕಥೆಗಳೂ ನಮಗೆ ಉಪಯುಕ್ತವಾಗಿವೆ. ಮೊದಲನೆಯದು ಸನ್‌ಡೌನರ್. ಇದು 1912ರಲ್ಲಿ ಇಂಗ್ಲೆಂಡಿನ ನೌಕಾದಳಕ್ಕಾಗಿ ಕಟ್ಟಿದ ಹಬೆಯ ದೋಣಿ. ಟೈಟಾನಿಕ್ ಹಡಗಿನ ದುರಂತದಲ್ಲಿ ಬದುಕುಳಿದ ಅಧಿಕಾರಿ ಚಾರ್ಲ್ಸ್ ಲೈಟಾಲರ್ ಇದನ್ನು 1929ರಲ್ಲಿ ಕೊಂಡು ಮೋಟಾರು ದೋಣಿಯಾಗಿ ಮಾರ್ಪಡಿಸಿದನು. 1940ರ ಜೂನ್ 1ರಂದು ಡನ್‌ಕರ್ಕಿನಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ತರಲು ತಾನೇ ಅದನ್ನು ನಡೆಸಿಕೊಂಡು ಹೋಗಿ, ನೂರಿಪ್ಪತ್ತಕ್ಕೂ ಹೆಚ್ಚು ಜನರೊಡನೆ ಹಿಂದಿರುಗಿದನು. ಅಷ್ಟು ಜನರನ್ನು ಹೊತ್ತೂ ದೋಣಿ ಮಗುಚದಿರಲು ಕಾರಣವಿದ್ದಿತು. ಅನುಭವಿಯಾದ ಆ ನಾವಿಕ ಮೊದಲು ಬಂದವರನ್ನು ಕೆಳಗಿನ ಕೋಣೆಗಳಲ್ಲಿ ತುಂಬಿ, ಮೇಲುಳಿದವರನ್ನು ಎದ್ದು ನಿಲ್ಲಗೊಡದೆ ಮಲಗಿಸಿದನು. ಭಾರವನ್ನು ಕೆಳಗಿಡಬೇಕೆಂಬ ಜೋಳದ ಗಾಡಿಯ ನ್ಯಾಯವೇ ಅಲ್ಲಿಯೂ ನಡೆಯಿತು. ಯುದ್ಧದ ಆಪತ್ತಿನಲ್ಲಿ ಮಾಡಿದ್ದನ್ನು ಜಾತ್ರೆಯ ಸಂಭ್ರಮದಲ್ಲಿ ಯಾರೂ ಅನುಕರಿಸಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ದೋಣಿಯನ್ನು ಈಗಲೂ ರಾಮ್ಸ್‌ಗೇಟಿನಲ್ಲಿ ಕಾಪಾಡಿಕೊಂಡಿದ್ದಾರೆ.

ಎರಡನೆಯದು ಕ್ರೆಸ್ಸಿ. ರೋಲ್ಟ್ ಎಂಬ ಯಂತ್ರಶಿಲ್ಪಿ ಈ ಹಳೆಯ ಕಾಲುವೆ ದೋಣಿಯನ್ನು ಸಜ್ಜುಗೊಳಿಸಿ, 1939ರಲ್ಲಿ ಅದನ್ನೇ ಮನೆ ಮಾಡಿಕೊಂಡು ಇಂಗ್ಲೆಂಡಿನ ಕಾಲುವೆಗಳಲ್ಲಿ ಹೊರಟನು. ರೈಲು ಮತ್ತು ರಸ್ತೆಗಳಿಂದಾಗಿ ಆ ಕಾಲುವೆಗಳು ಆಗ ಹೂಳು ತುಂಬಿ ಸಾಯುತ್ತಿದ್ದವು. ಆತನ ಪುಸ್ತಕ 1944ರಲ್ಲಿ ಹೊರಬಿದ್ದು ಜನರ ಕಣ್ಣು ತೆರೆಯಿಸಿತು. 1946ರಲ್ಲಿ ಆತನೂ ರಾಬರ್ಟ್ ಐಕ್‌ಮನ್ನನೂ ಸೇರಿ ಒಳನಾಡು ಜಲಮಾರ್ಗಗಳ ಸಂಘವನ್ನು ಕಟ್ಟಿದರು. ಕಾಲುವೆಗಳು ಉಳಿದುವು. ಆದರೆ ಕ್ರೆಸ್ಸಿ ಉಳಿಯಲಿಲ್ಲ. 1951ರಲ್ಲಿ ಅದರ ಒಡಲು ದುರಸ್ತಿಗೆ ಮೀರಿ ಕೆಟ್ಟಿದೆಯೆಂದು ತಿಳಿದಾಗ, ಹನ್ನೆರಡು ವರ್ಷ ಅದರಲ್ಲಿ ಬಾಳಿದವನು ಅದನ್ನು ಬಿಟ್ಟುಕೊಟ್ಟನು. ಪ್ರೀತಿಯ ದೋಣಿಯನ್ನು ಸಕಾಲದಲ್ಲಿ ಬಿಡುವುದೂ ದೋಣಿಯ ವಿದ್ಯೆಯ ಒಂದು ಭಾಗ.

ಆದುದರಿಂದ ನಮ್ಮ ಸಲಹೆಯಿದು. ಹಳೆಯ ದೋಣಿಯನ್ನು ಹುಡುಕಿಕೊಂಡು ಕರಾವಳಿಗೆ ಹೊರಡುವ ಮೊದಲು, ನಿಮ್ಮ ಕೆರೆಯಲ್ಲಿ ವೈಶಾಖದಲ್ಲಿ ಎಷ್ಟು ನೀರಿರುವುದೆಂದು ಒಂದು ಗಳದಿಂದ ಅಳೆದು ಬರೆದಿಡಿ. ಎರಡನೆಯದಾಗಿ, ವರ್ಷವಿಡೀ ಸಂಬಳ ಕೊಟ್ಟು ಇಟ್ಟುಕೊಳ್ಳಬಹುದಾದ, ಈಜು ಬಲ್ಲ, ಹೆಚ್ಚಿನ ಜನರನ್ನು ಇಳಿಸುವ ಧೈರ್ಯವುಳ್ಳ ಅಂಬಿಗನೊಬ್ಬನನ್ನು ಗೊತ್ತುಮಾಡಿ. ದೋಣಿಯನ್ನು ನೋಡಲು ಹೋಗುವಾಗ ಆತನನ್ನೇ ಕರೆದುಕೊಂಡು ಹೋಗಿ, ದಬ್ಬಳವನ್ನು ಆತನ ಕೈಗೆ ಕೊಡಿ. ಆತ ಬೇಡವೆಂದರೆ, ಬೆಲೆ ಎಷ್ಟೇ ಅಗ್ಗವಾಗಿರಲಿ, ಮರುಮಾತಿಲ್ಲದೆ ಊರಿಗೆ ಹಿಂದಿರುಗಿ.